ಡರ್ಹಮ್‌ನ ಗೇಲಾ ನೋಡಿ ಬಂದೆ ಕಣೋ

ಗೆಳೆಯಾ,

ಹೋದ ಸಲ ಫೋನಿನಲ್ಲಿ ನೀನು ಕೇಳಿದ್ದೆ, "ಗಣಿ ಮುಚ್ಚಿ ಮೂವತ್ತು ವರ್ಷ ಆದ ಮೇಲೆ ಗಣಿ ಕಾರ್ಮಿಕರ ಹಬ್ಬ ಯಾರಿಗೋ?" ಅಂತ. ನೀನು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನು. 2001ರಲ್ಲಿ ಗಣಿ ಮುಚ್ಚಿದಾಗ ನಿಮ್ಮಪ್ಪ ಹೇಗೆ ಮೂಲೆ ಹಿಡಿದು ಕೂತರು ಅಂತ ಕಣ್ಣಾರೆ ಕಂಡವನು. ಅದಕ್ಕೇ ನಾನು ತಿರುಗಿ ಮಾತಾಡಲಿಲ್ಲ. ಈಗ ಉತ್ತರ ಇಂಗ್ಲೆಂಡಿನ ಡರ್ಹಮ್‌ಗೆ ಹೋಗಿ, ಕಲ್ಲಿದ್ದಲು ಗಣಿಯವರ ಆ ಹಬ್ಬ, ಅಂದರೆ ಗೇಲಾ, ನೋಡಿಕೊಂಡು ಬಂದಿದ್ದೇನೆ. ಕಂಡದ್ದನ್ನು ಬರೆಯುತ್ತೇನೆ, ಓದು.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಪಕ್ಕದ ಅಜ್ಜನ ಹತ್ತಿರ "ಗಾಲಾಕ್ಕೆ ಹೊರಟಿದ್ದೀರಾ?" ಅಂದೆ. "ಗಾಲಾ ಅಲ್ಲ, ಗೇಲಾ!" ಅಂತ ತಕ್ಷಣ ತಿದ್ದಿದರು. ಗಾಲಾ ಅಂದರೆ ಸೂಟು ಬೂಟಿನವರ ಊಟವಂತೆ. ಹಳಬರು ಇದನ್ನು ಬಿಗ್ ಮೀಟಿಂಗ್ ಅಂತಲೂ ಕರೆಯುತ್ತಾರೆ. ಜುಲೈ ತಿಂಗಳ ಎರಡನೇ ಶನಿವಾರ ನಡೆಯುತ್ತದೆ.

ಶುರುವಾದದ್ದು 1871ರಲ್ಲಿ, ವಾರ್ಟನ್ ಪಾರ್ಕ್ ಅನ್ನುವ ಜಾಗದಲ್ಲಿ. ಮರುವರ್ಷ ನದಿ ಪಕ್ಕದ ರೇಸ್‌ಕೋರ್ಸ್ ಮೈದಾನಕ್ಕೆ ಬಂತು, ಈಗಲೂ ಅಲ್ಲೇ. ಆಗ ಡರ್ಹಮ್ ಗಣಿ ಕಾರ್ಮಿಕರ ಸಂಘಕ್ಕೆ ಬರೀ ಎರಡು ವರ್ಷ. ಆ ಕಾಲದಲ್ಲಿ ವರ್ಷಕ್ಕೊಮ್ಮೆ 'ಬಾಂಡ್' ಅನ್ನುವ ಕರಾರಿಗೆ ಸಹಿ ಹಾಕಬೇಕಿತ್ತು. ಓದು ಬರಹ ಬಾರದವರು ಒಂದು ಕತ್ತರಿ ಗುರುತು ಹಾಕಿದರೆ ಮುಗೀತು, ವರ್ಷಪೂರ್ತಿ ಆ ಗಣಿ ಬಿಟ್ಟು ಹೋಗುವ ಹಾಗಿಲ್ಲ. ಹೋದರೆ ಜೈಲು. ಜೀತ ಅಲ್ಲದೆ ಇನ್ನೇನು, ಅಲ್ವಾ? ಸಂಘ ಕಟ್ಟಿದ ಮೇಲೆ 1872ರಲ್ಲಿ ಅದು ತೊಲಗಿತು. ಹಾಗೆ ಕಟ್ಟಿದವರು ಒಂದು ದಿನ ಎಲ್ಲರೂ ಸೇರಿ ಊರೊಳಗೆ ನಡೆದು ತಮ್ಮ ತಲೆಯೆಣಿಕೆ ತೋರಿಸಿದರು. ಗೇಲಾದ ಬೇರು ಅದು.

ಇನ್ನು ಬ್ಯಾನರ್ ವಿಷಯ. ನಮ್ಮ ಫ್ಲೆಕ್ಸ್ ಬ್ಯಾನರ್ ನೆನೆಸಿಕೊಳ್ಳಬೇಡ. ಇವು ರೇಷ್ಮೆಯವು, ಒಂದು ಗೋಡೆಯಷ್ಟು ದೊಡ್ಡವು, ಎರಡೂ ಕಡೆ ಬಣ್ಣದ ಚಿತ್ರ. ಒಂದೊಂದು ಲಾಡ್ಜ್‌ಗೆ ಒಂದೊಂದು. ಲಾಡ್ಜ್ ಅಂದರೆ ಇಲ್ಲಿ ರೂಮು ಬಾಡಿಗೆಗೆ ಕೊಡುವ ಜಾಗ ಅಲ್ಲ ಕಣೋ, ಒಂದು ಗಣಿಯ ಸಂಘದ ಶಾಖೆ. ಬೆಳಿಗ್ಗೆ ಬೇಗ ಹಳ್ಳಿಯಲ್ಲೇ ಬ್ಯಾಂಡ್ ಬಾರಿಸುತ್ತಾ ಬ್ಯಾನರ್ ಹಿಡಿದು ಒಂದು ಸುತ್ತು ಬರುತ್ತಾರೆ, ಆಮೇಲೆ ಡರ್ಹಮ್‌ಗೆ ಹೊರಡುತ್ತಾರೆ. ನನಗಂತೂ ಊರ ದೇವರ ಉತ್ಸವ ಮೂರ್ತಿ ಹೊರಟ ಹಾಗೇ ಕಂಡಿತು.

ಹೊರುವುದು ಸುಲಭ ಅಲ್ಲ. ಎರಡು ಕಂಬಕ್ಕೆ ಇಬ್ಬರು, ಹೆಗಲಿಗೆ ತೊಗಲಿನ ಪಟ್ಟಿ, ಅದರ ಬುಡದ ಗೂಡಿನಲ್ಲಿ ಕಂಬದ ತುದಿ. ಮುಂದೆ ಹಿಂದೆ ಹಗ್ಗ ಹಿಡಿಯುವವರು ಬೇರೆ. ಎಲ್ವೆಟ್ ಸೇತುವೆ ಹಳೇ ಕಾಲದ್ದು, ಕಿರಿದು. ಅಲ್ಲಿಗೆ ಬರುವಷ್ಟರಲ್ಲಿ ನದಿ ಕಡೆಯಿಂದ ಗಾಳಿ ಎದ್ದಿತು. ನನ್ನ ಮುಂದಿದ್ದ ಬ್ಯಾನರ್ ದೋಣಿಯ ಪಟದ ಹಾಗೆ ಉಬ್ಬಿತು. ಕಂಬ ಹಿಡಿದಿದ್ದ ಇಬ್ಬರೂ ಎರಡು ಹೆಜ್ಜೆ ಹಿಂದಕ್ಕೆ ಬಂದರು. ಹಿಂದಿನ ಹಗ್ಗ ಹಿಡಿದಿದ್ದ ಹತ್ತು ಹನ್ನೆರಡು ವರ್ಷದ ಹುಡುಗಿ ಕಾಲೂರಿ ಪೂರ್ತಿ ಮೈ ಭಾರ ಹಾಕಿ ಎಳೆದಳು. ಅವಳ ತಾತ ಹಿಂದಿನಿಂದ "ಸಡಿಲ ಬಿಡು, ಸಡಿಲ ಬಿಡು, ಈಗ ಎಳಿ!" ಅನ್ನುತ್ತಿದ್ದರು. ಬ್ಯಾಂಡಿನವರು ಒಂದು ಸ್ವರವನ್ನೂ ಬಿಡಲಿಲ್ಲ.

ಸ್ವಲ್ಪ ಮುಂದೆ ಕೌಂಟಿ ಹೋಟೆಲ್. ಅದರ ಬಾಲ್ಕನಿಯಲ್ಲಿ ಸಂಘದ ಮುಖಂಡರು, ರಾಜಕಾರಣಿಗಳು ನಿಂತಿರುತ್ತಾರೆ. ಪ್ರತಿ ಬ್ಯಾಂಡೂ ಅಲ್ಲಿ ನಿಂತು ತನ್ನ ಒಳ್ಳೇ ಹಾಡೊಂದನ್ನು ನುಡಿಸಿಯೇ ಮುಂದೆ ಹೋಗಬೇಕು. ಹಾಗಾಗಿ ಮೆರವಣಿಗೆ ಗಂಟೆಗಟ್ಟಲೆ ಆಮೆ ನಡಿಗೆ. ಟೋನಿ ಬ್ಲೇರ್ ಅವರ ಕ್ಷೇತ್ರ ಇದೇ ಡರ್ಹಮ್ ಸೀಮೆಯ ಸೆಜ್‌ಫೀಲ್ಡ್ ಆಗಿತ್ತು. ಆದರೂ ಪ್ರಧಾನಿಯಾಗಿದ್ದಾಗ ಒಂದು ಸಲವೂ ಗೇಲಾಕ್ಕೆ ಬರಲಿಲ್ಲ. ಮೈದಾನದ ಭಾಷಣಗಳು ನನಗೆ ಬೋರ್ ಹೊಡೆದವು. ಭಾಷಣ ಎಲ್ಲಾದರೂ ಭಾಷಣವೇ ಬಿಡು.

1925ರ ಕಥೆ ಕೇಳು, ನಗು ಬರುತ್ತದೆ. ಕೂಲಿ ವಿಚಾರದಲ್ಲಿ ಡರ್ಹಮ್‌ನ ಬಿಷಪ್ ಹೆನ್ಸನ್ ಮೇಲೆ ಗಣಿಯವರಿಗೆ ಕೆಂಡದಂಥ ಕೋಪ ಇತ್ತು. ಗೇಲಾ ದಿನ ಪಾದ್ರಿ ಉಡುಪಿನಲ್ಲಿ ಒಬ್ಬರು ಕಂಡರು. ಹಿಡಿದು ವಿಯರ್ ನದಿಗೆ ತಳ್ಳಲು ಹೊರಟೇಬಿಟ್ಟರು. ನೋಡಿದರೆ ಅವರು ಬಿಷಪ್ ಅಲ್ಲ, ಕತೀಡ್ರಲ್‌ನ ಮುಖ್ಯ ಪಾದ್ರಿ, ಡೀನ್ ವೆಲ್ಡನ್! ಪೊಲೀಸರು ದೋಣಿ ಹತ್ತಿಸಿ ಪಾರು ಮಾಡಿದರು.

ಆದರೆ ನಾನು ನಿನಗೆ ಹೇಳಬೇಕಿರುವುದು ಕಪ್ಪು ಬಟ್ಟೆಯ ಬಗ್ಗೆ. ಆ ವರ್ಷ ಯಾವ ಗಣಿಯಲ್ಲಿ ಸಾವು ಆಗಿತ್ತೋ ಆ ಬ್ಯಾನರಿನ ಮೇಲೆ ಕಪ್ಪು ಬಟ್ಟೆ ಹೊದಿಸುವುದು ಪದ್ಧತಿಯಾಗಿತ್ತು. 1951ರ ಮೇ ತಿಂಗಳಲ್ಲಿ ಈಸಿಂಗ್‌ಟನ್ ಗಣಿಯಲ್ಲಿ ಸ್ಫೋಟ ಆಗಿ 83 ಜನ ಹೋದರು. ಅವರಲ್ಲಿ ಇಬ್ಬರು ಕಾಪಾಡಲು ಇಳಿದವರು. ಕೆಲವೇ ವಾರಕ್ಕೆ ಗೇಲಾ. ಆ ಊರಿನವರು ಹೇಗೆ ನಡೆದರೋ.

'ಗ್ರೆಸ್‌ಫರ್ಡ್' ಅಂತ ಒಂದು ರಾಗ ಇದೆ. 1934ರಲ್ಲಿ ವೇಲ್ಸ್‌ನ ಗ್ರೆಸ್‌ಫರ್ಡ್ ಗಣಿಯಲ್ಲಿ 266 ಜನ ಸತ್ತರು. ಹೆಚ್ಚಿನವರ ಹೆಣವನ್ನು ಮೇಲಕ್ಕೆ ತರಲೂ ಆಗಲಿಲ್ಲ. ಅವರಿಗಾಗಿ ರಾಬರ್ಟ್ ಸೇಂಟ್ ಅನ್ನುವ ಗಣಿ ಕಾರ್ಮಿಕರೇ ಈ ರಾಗ ಕಟ್ಟಿದರು. ಮಾತಿಲ್ಲ, ಬರೀ ವಾದ್ಯ. ಮೈದಾನದಲ್ಲಿ ಅದು ಶುರುವಾದಾಗ ಬಿಯರ್ ಕ್ಯಾನ್ ಹಿಡಿದು ಕುಣಿಯುತ್ತಿದ್ದ ಹುಡುಗರೂ ಟೋಪಿ ತೆಗೆದರು. ನಾನು ಫೋನ್ ಜೇಬಿಗೆ ಹಾಕಿದೆ.

1913ರಲ್ಲಿ ಈ ಸೀಮೆಯಲ್ಲಿ ಸುಮಾರು 1,65,000 ಜನ ಗಣಿಗೆ ಇಳಿಯುತ್ತಿದ್ದರು. 1984–85ರ ಮುಷ್ಕರ ಸೋತ ಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಕೊನೆಯದು ವಿಯರ್‌ಮೌತ್, 1993ರಲ್ಲಿ. ಅದರ ಜಾಗದಲ್ಲಿ ಈಗ ಸಂಡರ್‌ಲ್ಯಾಂಡ್ ತಂಡದ ಫುಟ್‌ಬಾಲ್ ಮೈದಾನ. ಆದರೂ ಹಳ್ಳಿಯವರು ದುಡ್ಡು ಕೂಡಿಸಿ ಹಳೇ ಬ್ಯಾನರ್ ಮಾದರಿಯಲ್ಲಿ ಹೊಸದು ಮಾಡಿಸುತ್ತಾರೆ, ಕತೀಡ್ರಲ್‌ಗೆ ಒಯ್ದು ಆಶೀರ್ವಾದ ಮಾಡಿಸುತ್ತಾರೆ. ಗಣಿಯೇ ಇಲ್ಲದ ಲಾಡ್ಜಿಗೆ ಹೊಚ್ಚ ಹೊಸ ಬ್ಯಾನರ್!

ಯಾರಿಗೆ ಹಬ್ಬ ಅಂತ ಕೇಳಿದ್ದೆಯಲ್ಲ, ಸೇತುವೆ ದಾಟಿದ ಮೇಲೆ ಆ ಹುಡುಗಿಯನ್ನು ಮಾತಾಡಿಸಿದೆ. ಅವಳ ಅಪ್ಪನೂ ಗಣಿ ಕಂಡವನಲ್ಲ. "ಮುಂದಿನ ವರ್ಷ ಮುಂದಿನ ಹಗ್ಗ ಕೊಡ್ತಾರೆ" ಅಂದಳು. ಅವಳಿಗೆ ಅದೊಂದೇ ಚಿಂತೆ.

ಸೇತುವೆ ಮೇಲಿನ ವಿಡಿಯೋ ಕಳಿಸಿದ್ದೇನೆ. ನಿಮ್ಮಪ್ಪನಿಗೆ ತೋರಿಸು, ಸೌಂಡ್ ಜಾಸ್ತಿ ಇಡು. ಅವರು ಏನಂದರು ಅಂತ ಬರಿ.

ನಿನ್ನವನೇ