ಬಾಗಿಲ ಬಳಿ ನಿಲ್ಲಲು ಕಲಿಸಿದವರಿಗೆ

ವಿಮಾನದ ಕ್ಯಾಬಿನ್ ಸಿಬ್ಬಂದಿಯ ಪ್ರಾಥಮಿಕ ತರಬೇತಿಯನ್ನು ನಾನು ಕಳೆದ ವಾರ ದುಬೈಯಲ್ಲಿ ಮುಗಿಸಿದೆ. ಸಮವಸ್ತ್ರದ ಮೇಲೆ ರೆಕ್ಕೆಯ ಬಿಲ್ಲೆ ತೊಡಿಸಿದ ಸಂಜೆಯಿಂದ ಊರಿನಿಂದಲೂ ಇಲ್ಲಿಂದಲೂ ಅಭಿನಂದನೆಗಳು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ, ಈ ತರಬೇತಿ ಎಂಥದ್ದು, ಅದನ್ನು ದಾಟಿ ಬರಲು ನನಗೆ ಯಾರು ಯಾರು ಏನೇನು ಮಾಡಿದರು ಎಂಬುದನ್ನು ಒಂದೆಡೆ ಬರೆದು ಎಲ್ಲರೆದುರು ಕೃತಜ್ಞತೆ ಹೇಳುವುದು ಸರಿಯೆನಿಸಿತು. ಮೊದಲನೆಯದನ್ನು ಹೇಳದೆ ಎರಡನೆಯದರ ತೂಕ ತಿಳಿಯುವುದಿಲ್ಲ.

ಸುಮಾರು ಎರಡು ತಿಂಗಳ ಈ ತರಬೇತಿಯಲ್ಲಿ ಊಟೋಪಚಾರ, ಕೂದಲು ಕಟ್ಟುವ ಬಗೆ, ಪ್ರಯಾಣಿಕರೊಡನೆ ಮಾತನಾಡುವ ರೀತಿ ಇವೆಲ್ಲವೂ ಇವೆ. ಆದರೆ ಹೆಚ್ಚಿನ ಪಾಲು, ಅನುತ್ತೀರ್ಣರಾದರೆ ಮನೆಗೆ ಕಳಿಸುವಂಥ ಪಾಲು, ಸುರಕ್ಷತೆಯದು. ಪ್ರತಿ 50 ಆಸನಗಳಿಗೆ ಕನಿಷ್ಠ ಒಬ್ಬರಾದರೂ ಕ್ಯಾಬಿನ್ ಸಿಬ್ಬಂದಿ ಇರಬೇಕೆಂದು ಅನೇಕ ದೇಶಗಳ ನಿಯಮ ಹೇಳುವುದು ಊಟ ಬಡಿಸುವ ಅನುಕೂಲಕ್ಕಲ್ಲ, ಆಪತ್ತಿನಲ್ಲಿ ಜನರನ್ನು ಹೊರಗೆ ಕಳಿಸುವುದಕ್ಕೆ. ಹೊಸ ಮಾದರಿಯ ದೊಡ್ಡ ವಿಮಾನವೊಂದಕ್ಕೆ ಪ್ರಮಾಣಪತ್ರ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ಕತ್ತಲೆಯಲ್ಲಿ, ತುಂಬಿದ ವಿಮಾನವನ್ನು 90 ಸೆಕೆಂಡುಗಳೊಳಗೆ ಖಾಲಿ ಮಾಡಬಹುದೆಂದು ತೋರಿಸಬೇಕಾಗುತ್ತದೆ. ಎರಡು ಅಂತಸ್ತಿನ ಏರ್‌ಬಸ್ ಎ380 ವಿಮಾನವನ್ನು 2006ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹೀಗೆ ಪರೀಕ್ಷಿಸಿದಾಗ 873 ಮಂದಿ 78 ಸೆಕೆಂಡುಗಳಲ್ಲಿ ಹೊರಬಂದಿದ್ದರು. ನಮ್ಮ ಅಭ್ಯಾಸವೆಲ್ಲವೂ ಆ ಒಂದೂವರೆ ನಿಮಿಷದ ಸುತ್ತ ನಡೆಯುತ್ತದೆ.

ಮೊದಲ ಕೃತಜ್ಞತೆ ಊರಿನಲ್ಲಿರುವ ಅಮ್ಮನಿಗೆ. ನಮ್ಮದು ಕುಂದಾಪುರದ ಕಡೆಯ ಹಳ್ಳಿ. ಕೊಲ್ಲಿ ದೇಶಗಳಲ್ಲಿ ದುಡಿಯುವವರು ಬೇಕಾದಷ್ಟಿರುವ ನಮ್ಮ ಕರಾವಳಿಯಲ್ಲಿ, ವಿಮಾನವೆಂದ ಕೂಡಲೇ 2010ರ ಮೇ 22 ನೆನಪಾಗದ ಹಿರಿಯರು ಕಡಿಮೆ. ಅಂದು ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು; ಉಳಿದವರು ಎಂಟೇ ಮಂದಿ. ವಿಮಾನದಲ್ಲಿದ್ದ ಆರು ಸಿಬ್ಬಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಆ ದಿನವಿಡೀ ಟಿವಿಯ ಮುಂದಿನಿಂದ ಏಳದೆ ಕುಳಿತಿದ್ದ ಅಮ್ಮನಿಗೆ, ಹದಿಮೂರು ಹದಿನಾಲ್ಕು ವರ್ಷಗಳ ನಂತರ ಮಗಳು ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆಂದು ಕೇಳಿದಾಗ ಹೇಗಾಗಿರಬೇಕೆಂದು ನಾನು ಬಲ್ಲೆ. ವಾರಗಟ್ಟಲೆ ಫೋನಿನಲ್ಲಿ ಅವರು ಆ ವಿಷಯವನ್ನೇ ಎತ್ತಲಿಲ್ಲ. ಕೊನೆಗೆ, ಅಲ್ಲಿ ಏನು ಕಲಿಸುತ್ತಾರೆಂದು ತಾವಾಗಿಯೇ ಕೇಳಿದರು. ಬೆಂಕಿ, ಹೊಗೆ, ನೀರು, ಬಾಗಿಲು ಎಂದು ಒಂದೊಂದಾಗಿ ವಿವರಿಸಿದಾಗ ಪೂರ್ತಿ ಕೇಳಿಸಿಕೊಂಡು, "ಹೋಪ್ದಾರೆ ಸಮಾ ಕಲ್ತ್ಕಂಡೇ ಹೋಗ್" (ಹೋಗುವುದಾದರೆ ಸರಿಯಾಗಿ ಕಲಿತುಕೊಂಡೇ ಹೋಗು) ಎಂದರು. ಅಮ್ಮ ಒಪ್ಪಿದ್ದು ಭಯ ಹೋದದ್ದರಿಂದಲ್ಲ, ಭಯವನ್ನು ಇಟ್ಟುಕೊಂಡೇ ಒಪ್ಪಿದರು; ಅದಕ್ಕಾಗಿಯೇ ಆ ಒಪ್ಪಿಗೆ ನನಗೆ ಅಷ್ಟು ದೊಡ್ಡದು. ಅಮ್ಮನ ಹತ್ತಿರ ಕುಳಿತು ನನ್ನ ಪರವಾಗಿ ಮಾತನಾಡಿದ ಅಪ್ಪಯ್ಯನಿಗೂ ನಾನು ಋಣಿ.

ಶಾರ್ಜಾದ ಅಲ್ ನಹ್ದಾದಲ್ಲಿ ಅಕ್ಕ, ಭಾವ ಮತ್ತು ಅವರ ಮಗ ಇರುವ ಎರಡು ಕೋಣೆಯ ಮನೆಯೇ ನನ್ನ ಮನೆ. ತರಬೇತಿ ಕೇಂದ್ರ ಇರುವುದು ದುಬೈಯಲ್ಲಿ. ಬೆಳಗಿನ ಹೊತ್ತು ಇತ್ತಿಹಾದ್ ರಸ್ತೆಯಲ್ಲಿ ವಾಹನಗಳು ಹೇಗೆ ನಿಂತುಬಿಡುತ್ತವೆಂಬುದು ಇಲ್ಲಿರುವವರಿಗೆಲ್ಲ ಗೊತ್ತು, ಮತ್ತು ತರಬೇತಿಗೆ ತಡವಾಗಿ ಹೋಗುವುದೆಂದರೆ ಬಾಗಿಲಲ್ಲೇ ಹಿಂದೆ ಕಳಿಸಿಕೊಳ್ಳುವುದೆಂದೇ ಅರ್ಥ. ರಾತ್ರಿ ಪಾಳಿ ಮುಗಿಸಿ ಬಂದ ಭಾವ ಮಲಗದೆ, ಬೆಳಕು ಹರಿಯುವ ಮೊದಲೇ ನನ್ನನ್ನು ಕಾರಿನಲ್ಲಿ ಬಿಟ್ಟು ಬಂದು ಆಮೇಲೆ ನಿದ್ರೆಗೆ ಹೋಗುತ್ತಿದ್ದರು. ಅಕ್ಕ ತನ್ನ ಕೆಲಸ, ಮಗನ ಶಾಲೆ, ಅಡುಗೆ ಇವುಗಳ ನಡುವೆಯೂ ನನ್ನ ಕೈಪಿಡಿಯನ್ನು ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಯಾವ ವಿಮಾನದಲ್ಲಿ ಅಗ್ನಿಶಾಮಕ ಎಲ್ಲಿದೆ, ಹೊಗೆಯಲ್ಲಿ ತೊಡುವ ಮುಸುಕು ಎಷ್ಟು ಹೊತ್ತು ಉಸಿರು ಕೊಡುತ್ತದೆ, ಮೊಬೈಲಿನ ಬ್ಯಾಟರಿಗೆ ಬೆಂಕಿ ಹತ್ತಿ ಜ್ವಾಲೆ ಆರಿದ ಮೇಲೂ ಅದರ ಮೇಲೆ ನೀರು ಏಕೆ ಸುರಿಯುತ್ತಿರಬೇಕು (ಒಳಗಿನ ಶಾಖ ಆರದಿದ್ದರೆ ಪಕ್ಕದ ಕೋಶಕ್ಕೆ ಬೆಂಕಿ ಹರಡಿ ಮತ್ತೆ ಹೊತ್ತಿಕೊಳ್ಳುತ್ತದೆ) ಇಂಥವೆಲ್ಲ ಈಗ ಅಕ್ಕನಿಗೂ ಬಾಯಿಪಾಠ.

ನನಗೆ ಎಲ್ಲಕ್ಕಿಂತ ಕಠಿಣವಾದದ್ದು ಧ್ವನಿ. ಮನೆಯಲ್ಲೂ ಶಾಲೆಯಲ್ಲೂ ಮೆಲ್ಲಗೆ ಮಾತನಾಡುವ ಹುಡುಗಿಯೆಂದು ಹೊಗಳಿಸಿಕೊಂಡು ಬೆಳೆದವಳು ನಾನು. ಇಲ್ಲಿ ಬಾಗಿಲ ಅಭ್ಯಾಸದಲ್ಲಿ ಮೊದಲು ಬೇಕಾದದ್ದೇ ಕೂಗು. ಅಭ್ಯಾಸ ನಡೆಯುವುದು ಹೀಗೆ: ಆಜ್ಞೆ ಬಂದ ಕೂಡಲೇ ಎದ್ದು, ಬಾಗಿಲಿನ ಸಣ್ಣ ಕಿಟಕಿಯಿಂದ ಹೊರಗೆ ಬೆಂಕಿಯಿದೆಯೇ, ನೀರಿದೆಯೇ ಎಂದು ನೋಡಬೇಕು, ಇಲ್ಲವೆಂದಾದರೆ ಹಿಡಿಯನ್ನು ಪೂರ್ತಿ ತಿರುಗಿಸಿ ಬಾಗಿಲು ತೆರೆಯಬೇಕು, ಬಾಗಿಲಿಂದ ನೆಲಕ್ಕೆ ಜಾರಿ ಇಳಿಯಲು ಇರುವ, ಗಾಳಿ ತುಂಬುವ ಜಾರುದಾರಿ ತಾನಾಗಿಯೇ ಉಬ್ಬುವುದಾದರೂ ಅದರ ಕೆಂಪು ಹಿಡಿಯನ್ನು ಎಳೆಯಲೇಬೇಕು, ಅದು ಉಬ್ಬುವ ಕೆಲವು ಸೆಕೆಂಡುಗಳ ಕಾಲ, ಹಿಂದಿನಿಂದ ನುಗ್ಗುವವರು ನಮ್ಮನ್ನೇ ಹೊರಗೆ ತಳ್ಳದಂತೆ ಪಕ್ಕದ ಹಿಡಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು ಜನರನ್ನು ತಡೆದು ನಿಲ್ಲಿಸಬೇಕು, ಆಮೇಲೆ ಒಬ್ಬೊಬ್ಬರನ್ನೂ, ಚೀಲ ಬಿಟ್ಟು ಹಾರಿ ಎಂದು, ಕ್ಷಣವೂ ನಿಲ್ಲಿಸದೆ ಕೂಗಿ ಕಳಿಸಬೇಕು. ನನ್ನ ಕೈಗಳು ಇದನ್ನೆಲ್ಲ ಬೇಗ ಕಲಿತವು. ಗಂಟಲು ಕಲಿಯಲಿಲ್ಲ. ಕೂಗಬೇಕಾದಲ್ಲಿ ನಾನು ಪ್ರಯಾಣಿಕರನ್ನು ವಿನಂತಿಸುತ್ತಿದ್ದೇನೆಂದು ಬೋಧಕಿ ಹೇಳಿದರು, ಆದರೆ ಗದರಲಿಲ್ಲ. ತರಗತಿ ಮುಗಿದ ಮೇಲೆ ನನ್ನನ್ನು ಅಭ್ಯಾಸಕ್ಕೆಂದೇ ಕಟ್ಟಿದ ಖಾಲಿ ಮಾದರಿ ವಿಮಾನದ ಒಂದು ತುದಿಯಲ್ಲಿ ನಿಲ್ಲಿಸಿ, ತಾವು ಇನ್ನೊಂದು ತುದಿಯ ಕೊನೆಯ ಸಾಲಿನಲ್ಲಿ ಕುಳಿತು, ನನ್ನ ಮಾತು ಅಲ್ಲಿಗೆ ತಲುಪುವವರೆಗೂ ಏಳಲಿಲ್ಲ. ಹೊಟ್ಟೆಯಿಂದ ಉಸಿರೆಳೆದು ಕೂಗುವುದನ್ನು ಕಲಿಸಿದವರು ಅವರೇ.

ಟೋಕಿಯೊದ ಹನೇದಾ ನಿಲ್ದಾಣದಲ್ಲಿ 2024ರ ಜನವರಿ 2ರಂದು ನಡೆದದ್ದನ್ನು ಅವರು ನಮಗೆ ಸಾವಧಾನವಾಗಿ ವಿವರಿಸಿದ್ದರು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇಯಲ್ಲಿದ್ದ ಕರಾವಳಿ ಕಾವಲು ಪಡೆಯ ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಆ ಸಣ್ಣ ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ತೀರಿಕೊಂಡರು. ದೊಡ್ಡ ವಿಮಾನದ ಎಂಟು ಬಾಗಿಲುಗಳಲ್ಲಿ ಬಳಸಲು ಸಾಧ್ಯವಾದದ್ದು ಮೂರೇ, ಒಳಗಿನ ಪ್ರಕಟಣೆಯ ವ್ಯವಸ್ಥೆಯೂ ಕೆಟ್ಟುಹೋಗಿತ್ತು. ಆದರೂ ಅದರಲ್ಲಿದ್ದ 379 ಮಂದಿಯೂ ಜೀವಂತವಾಗಿ ಹೊರಬಂದರು. ಅಲ್ಲಿನ ಸಿಬ್ಬಂದಿ ಮೆಗಾಫೋನನ್ನೂ ತಮ್ಮ ಗಂಟಲನ್ನೂ ನಂಬಿ ಕೆಲಸ ಮಾಡಿದರು. ಅಂದು ಮನೆಗೆ ಬಂದವಳು ಕಿಟಕಿಗಳನ್ನು ಮುಚ್ಚಿ, ಅಕ್ಕನ ಮಗನನ್ನು ಸೋಫಾದಲ್ಲಿ ಪ್ರಯಾಣಿಕನಾಗಿ ಕೂರಿಸಿ, ಕೂಗಲು ತೊಡಗಿದೆ.

ಹೀಗೆ ಕೂಗಿದ್ದನ್ನು ಕೇಳಿ, ಏನೋ ಅನಾಹುತವಾಗಿದೆಯೆಂದು ಬಾಗಿಲು ತಟ್ಟಿದವರು ಕೆಳಗಿನ ಮನೆಯಲ್ಲಿರುವ ಪೇಶಾವರದ ಅಜ್ಜಿ. ದೂರು ಕೊಟ್ಟು ನಿಲ್ಲಿಸಬಹುದಾಗಿದ್ದವರು, ವಿಷಯ ತಿಳಿದ ಮೇಲೆ ಅಭ್ಯಾಸಕ್ಕೆ ಹೊತ್ತು ಗೊತ್ತುಮಾಡಿಕೊಟ್ಟರು: ಅವರ ಸಂಜೆಯ ನಮಾಜು ಮುಗಿದ ನಂತರ, ಮಕ್ಕಳು ಮಲಗುವ ಮೊದಲು. ಇಂಗ್ಲಿಷ್ ಬಾರದ ಅವರು ಕೆಳಗಿನಿಂದ ಅಕ್ಕನಿಗೆ ಫೋನ್ ಮಾಡಿ, ಇಂದು ಯಾವ ಮಾತು ಗಟ್ಟಿಯಾಗಿ ಕೇಳಿಸಿತು, ಯಾವುದು ಅಳಿಸಿಹೋಯಿತು ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. ನಾಳೆ ನನ್ನ ವಿಮಾನದಲ್ಲಿ ಕುಳಿತುಕೊಳ್ಳುವವರಲ್ಲಿ ಅನೇಕರು ಇಂಗ್ಲಿಷ್ ಬಾರದವರೇ ಆಗಿರುತ್ತಾರೆ. ಆದ್ದರಿಂದ ಆ ಅಜ್ಜಿಗಿಂತ ಒಳ್ಳೆಯ ಪರೀಕ್ಷಕರು ನನಗೆ ಸಿಗುತ್ತಿರಲಿಲ್ಲವೆಂದೇ ನಂಬಿದ್ದೇನೆ. ಬಾಗಿಲ ಪರೀಕ್ಷೆಯಲ್ಲಿ ಉತ್ತೀರ್ಣಳಾದ ದಿನ ನಾನು ಮೊದಲು ಹೋದದ್ದು ಅವರ ಮನೆಗೆ.

ವೈದ್ಯಕೀಯ ಭಾಗದಲ್ಲಿ ನನಗೆ ನೆರವಾದವರು ನಾನು ಮೊದಲು ಕೆಲಸ ಮಾಡುತ್ತಿದ್ದ ಶಾರ್ಜಾದ ಕ್ಲಿನಿಕ್ಕಿನ ನರ್ಸ್‌ಗಳು. ಸ್ವಾಗತಕಾರ್ತಿಯಾಗಿದ್ದ ನನಗೆ ಊಟದ ಬಿಡುವಿನಲ್ಲಿ, ಹೃದಯ ನಿಂತವರ ಎದೆಯನ್ನು ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುವುದನ್ನೂ, 30 ಒತ್ತುಗಳಿಗೆ ಎರಡು ಉಸಿರು ಕೊಡುವುದನ್ನೂ ದಿಂಬಿನ ಮೇಲೆ ಮಾಡಿಸಿ ತೋರಿಸಿದವರು ಅವರು. ಈ ವೃತ್ತಿಗೂ ಅವರ ವೃತ್ತಿಗೂ ಹಳೆಯ ನಂಟಿದೆ: 1930ರ ಮೇ 15ರಂದು ಅಮೆರಿಕದಲ್ಲಿ ಈ ಕೆಲಸಕ್ಕೆ ಮೊದಲು ಹತ್ತಿದ ಮಹಿಳೆ ಎಲೆನ್ ಚರ್ಚ್ ಒಬ್ಬ ನರ್ಸ್ ಆಗಿದ್ದರು. ರಾಜೀನಾಮೆ ಕೊಟ್ಟಾಗ ಮುನಿಸಿಕೊಳ್ಳದೆ, ವೀಸಾ ಬದಲಾವಣೆಯ ಕಾಗದಪತ್ರಗಳನ್ನು ಬೇಗನೆ ಮಾಡಿಸಿಕೊಟ್ಟ ಕ್ಲಿನಿಕ್ಕಿನ ವ್ಯವಸ್ಥಾಪಕರಿಗೂ ವಂದನೆ.

ನೀರಿನ ಅಭ್ಯಾಸದ ದಿನ, ಒದ್ದೆ ಬಟ್ಟೆಯ ಭಾರದಲ್ಲಿ ತೆಪ್ಪಕ್ಕೆ ಹತ್ತಲಾಗದೆ ಜಾರುತ್ತಿದ್ದ ನನ್ನನ್ನು ಜೀವರಕ್ಷಕ ಅಂಗಿಯ ಪಟ್ಟಿ ಹಿಡಿದು ಮೇಲಕ್ಕೆಳೆದುಕೊಂಡ ಫಿಲಿಪೀನ್ಸ್‌ನ ಸಹಪಾಠಿಗೆ, ಕಲಿತದ್ದನ್ನೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಫೋನಿನಲ್ಲಿ ಮತ್ತೊಮ್ಮೆ ಹೇಳಿಸಿದ ಕೀನ್ಯಾದ ಗೆಳತಿಗೆ ಎಷ್ಟು ಹೇಳಿದರೂ ಸಾಲದು. ವಿಶೇಷವಾಗಿ ಶ್ರೀಲಂಕೆಯ ಒಬ್ಬ ಗೆಳತಿಯ ಬಗ್ಗೆ ಬರೆಯಬೇಕು. ಪ್ರತಿ ಮಾದರಿಯ ವಿಮಾನದಲ್ಲಿ ಆಮ್ಲಜನಕದ ಸಿಲಿಂಡರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೊಡಲಿ, ಟಾರ್ಚು ಎಲ್ಲೆಲ್ಲಿವೆಯೆಂಬುದನ್ನು ಬಣ್ಣದ ಪೆನ್ಸಿಲುಗಳಿಂದ ನಕ್ಷೆ ಬರೆದು ಇಡೀ ತಂಡಕ್ಕೆ ಹಂಚಿದವಳು ಅವಳು. ನಾವೆಲ್ಲ ಅವಳ ನಕ್ಷೆ ನೋಡಿ ಉತ್ತೀರ್ಣರಾದೆವು. ಲಿಖಿತ ಪರೀಕ್ಷೆಯೊಂದರ ಮರುಪರೀಕ್ಷೆಯಲ್ಲೂ ಅಂಕ ಸಾಲದೆ ಅವಳು ಮಾತ್ರ ಊರಿಗೆ ಮರಳಬೇಕಾಯಿತು. ನಿಯಮ ಎಲ್ಲರಿಗೂ ಒಂದೇ ಇರಬೇಕೆಂಬುದನ್ನು ಒಪ್ಪುತ್ತೇನೆ, ಆದರೂ ಬಿಲ್ಲೆ ತೊಡಿಸುವ ಸಾಲಿನಲ್ಲಿ ಅವಳಿರಲಿಲ್ಲವೆಂಬ ನೋವು ನನಗಿದೆ. ಅವಳು ಮತ್ತೆ ಬೇರೆ ಸಂಸ್ಥೆಗೆ ಅರ್ಜಿ ಹಾಕುತ್ತಿದ್ದಾಳೆ, ನಾವು ನಾಲ್ವರು ಸರದಿಯಂತೆ ಅವಳಿಗೆ ಪಾಠ ಹೇಳುತ್ತಿದ್ದೇವೆ.

ಕೊನೆಯದಾಗಿ, ಇಲ್ಲಿ ಬಹುಕಾಲದಿಂದ ಇರುವ ನಮ್ಮೂರಿನ ಹಿರಿಯರೊಬ್ಬರಿಗೆ. ಆಯ್ಕೆ ಮಾಡಿಸಿಕೊಡುತ್ತೇನೆಂದು ಸಾವಿರಾರು ದಿರ್ಹಮ್ ಕೇಳಿದ ಮಧ್ಯವರ್ತಿಯೊಬ್ಬನ ಮಾತನ್ನು ನಾನು ಅವರಿಗೆ ಹೇಳಿದಾಗ, ಸರಿಯಾದ ವಿಮಾನ ಸಂಸ್ಥೆ ಅಭ್ಯರ್ಥಿಗಳಿಂದ ಒಂದು ಕಾಸನ್ನೂ ಕೇಳುವುದಿಲ್ಲವೆಂದು ಖಚಿತವಾಗಿ ತಿಳಿಸಿ, ಸಂಸ್ಥೆಯ ಅಧಿಕೃತ ತಾಣದಲ್ಲೇ ಅರ್ಜಿ ಹಾಕಿಸಿದವರು ಅವರು. ತುದಿಗಾಲಲ್ಲಿ ನಿಂತು 212 ಸೆಂಟಿಮೀಟರ್ ಎತ್ತರ ಮುಟ್ಟಬೇಕೆಂಬ ನಿಯಮವನ್ನು ಮೊದಲೇ ತಿಳಿಸಿ, ಅವರ ಮನೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಪರೀಕ್ಷಿಸಿದವರೂ ಅವರೇ. ಈ ಕೆಲಸಕ್ಕೆ ಪ್ರಯತ್ನಿಸುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಯಾರಿಗೂ ಹಣ ಕೊಡುವ ಮೊದಲು ದಯವಿಟ್ಟು ನನ್ನನ್ನು ಒಂದು ಮಾತು ಕೇಳಿ. ಮುಂದಿನ ವಾರದಿಂದ ಅನುಭವಿ ಸಿಬ್ಬಂದಿಯ ಕೈಕೆಳಗೆ ನನ್ನ ಮೊದಲ ಹಾರಾಟಗಳು ಆರಂಭವಾಗುತ್ತವೆ. ಉತ್ತರ ಒಂದೆರಡು ದಿನ ತಡವಾಗಬಹುದು, ಆದರೆ ಖಂಡಿತ ಬರೆಯುತ್ತೇನೆ.