ಡಬ್ಬಿಗೆ ಫಾರ್ಮಲಿನ್ ತುಂಬಿದ ಕೈಗಳಿಗೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಮಾದರಿಗಳನ್ನು ಜೀನ್ ಪರೀಕ್ಷೆಗೆ ಹೊಂದಿಸಿ ಬೆಂಗಳೂರಿಗೆ ಕಳಿಸುವ ನಮ್ಮ ಕೆಲಸಕ್ಕೆ ಈ ತಿಂಗಳಿಗೆ ಒಂದು ವರ್ಷ ತುಂಬಿತು. ವರದಿ ಕೈಗೆ ಬಂದಾಗ ಮನೆಯವರು ನೆನೆಯುವುದು ದೊಡ್ಡ ಲ್ಯಾಬನ್ನು, ಮಾತ್ರೆ ಬರೆದ ಡಾಕ್ಟರನ್ನು. ಆದರೆ ವರದಿ ಬರುತ್ತದೋ, ‘ಮಾದರಿ ಯೋಗ್ಯವಾಗಿಲ್ಲ’ ಎಂಬ ಚೀಟಿ ಬರುತ್ತದೋ ಎಂದು ತೀರ್ಮಾನವಾಗುವುದು ಬಹುಪಾಲು ಇಲ್ಲೇ, ಪರೀಕ್ಷೆಗೆ ತುಂಡು ತೆಗೆಯುವ ಬಯಾಪ್ಸಿ ಸೂಜಿ ಹೊರಬಂದ ಮೊದಲ ನಿಮಿಷಗಳಲ್ಲಿ. ಹೆಸರು ಎಲ್ಲೂ ಅಚ್ಚಾಗದ ಆ ಕೈಗಳಿಗೆ ಈ ಬರಹ.

ಮೊದಲು ಓಟಿಯ ಸಿಸ್ಟರ್‌ಗಳು, ಅಟೆಂಡರ್‌ಗಳು. ಪ್ರಾಸ್ಟೇಟಿನಿಂದ 18 ಗೇಜಿನ ಸೂಜಿ ತೆಗೆಯುವ ಎಳೆ ಶ್ಯಾವಿಗೆಯಷ್ಟೇ ತೆಳು; ಸಾಮಾನ್ಯವಾಗಿ 12 ಎಳೆ ತೆಗೆಯುತ್ತಾರೆ. ಗಾಳಿಗೆ ಒಣಗುವ ಮುಂಚೆ ಅದು, ತುಂಡು ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ಮುಳುಗಬೇಕು. ಬಲದ್ದು, ಎಡದ್ದು ಬೇರೆ ಬೇರೆ ಡಬ್ಬಿಗೆ. ಹೆಸರಿನ ಚೀಟಿ ಡಬ್ಬಿಯ ಮೈಗೇ ಅಂಟಬೇಕು, ಮುಚ್ಚಳಕ್ಕಲ್ಲ. ಮುಚ್ಚಳ ಅದಲುಬದಲಾದರೆ ರೋಗಿಯೇ ಅದಲುಬದಲಾದಂತೆ. ದ್ರಾವಣ ತುಂಡಿನ ಗಾತ್ರದ ಕನಿಷ್ಠ 10 ಪಟ್ಟು ಇರಬೇಕು. ಇಷ್ಟನ್ನೂ ಒಮ್ಮೆಯೂ ಬಿಡದೆ ಮಾಡಿದ್ದೀರಿ.

ಫಾರ್ಮಲಿನ್ ಬೆರೆಸಿದವರಿಗೆ ಬೇರೆಯದೇ ಋಣವಿದೆ. ಒಂದು ಲೀಟರಿಗೆ 37–40% ಫಾರ್ಮಾಲ್ಡಿಹೈಡ್ 100 ಮಿ.ಲೀ., ಡಿಸ್ಟಿಲ್ಡ್ ವಾಟರ್ 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಎರಡು ಲವಣ ಬಿಟ್ಟು ಬರೀ ನಲ್ಲಿ ನೀರು ಬೆರೆಸಿದರೂ ಸ್ಲೈಡಿನಲ್ಲಿ ಕ್ಯಾನ್ಸರ್ ಕಾಣುತ್ತದೆ. ಹಾಗಾಗಿ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಆ ದ್ರಾವಣ ನಿಧಾನವಾಗಿ ಹುಳಿಯೇರಿ ಫಾರ್ಮಿಕ್ ಆಮ್ಲವಾಗುತ್ತದೆ, ಡಿಎನ್‌ಎ ಚೂರಾಗುತ್ತದೆ. ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗೂಡು ಹದ ಮೀರಿ ಬೆಂದರೆ ನೋಡಲು ಗೂಡೇ, ಎಳೆ ಹಿಡಿದರೆ ತುಂಡು ತುಂಡು. ಫಾರ್ಮಲಿನ್‌ನಲ್ಲಿ ಇಡುವ ಹೊತ್ತಿಗೂ ಹದವಿದೆ. 6 ಗಂಟೆಗಿಂತ ಕಡಿಮೆಯಾದರೆ ಒಳಗಿನವರೆಗೆ ಹಿಡಿದಿರುವುದಿಲ್ಲ, 72 ಗಂಟೆ ದಾಟಿದರೆ ಡಿಎನ್‌ಎ ಕೆಡುತ್ತಾ ಹೋಗುತ್ತದೆ. ಶನಿವಾರದ ಬಯಾಪ್ಸಿಯನ್ನು ಮಂಗಳವಾರದವರೆಗೆ ಬಿಡದೆ ಭಾನುವಾರ ಬಂದು ಮುಂದಿನ ಹಂತಕ್ಕೆ ಹಾಕಿದ ಟೆಕ್ನಿಷಿಯನ್ನರೇ, ನಿಮ್ಮ ಆ ಭಾನುವಾರಗಳಿಗೆ ನಾವು ಬೆಲೆ ಕಟ್ಟಲಾರೆವು.

ಇದೆಲ್ಲ ಅತಿ ಎಚ್ಚರವಲ್ಲ. ಕೆಲವು ಜೀನ್ ದೋಷವಿದ್ದ ಕ್ಯಾನ್ಸರಿಗೆ ಕೊಡುವ ಓಲಾಪರಿಬ್ ಮಾತ್ರೆಯನ್ನು ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಒರೆಗೆ ಹಚ್ಚಿದ, 2020ರಲ್ಲಿ ಪ್ರಕಟವಾದ ಪ್ರೋಫೌಂಡ್ ಅಧ್ಯಯನದಲ್ಲಿ 4,047 ಜನರ ಗಡ್ಡೆಯ ಮಾದರಿ ಪರೀಕ್ಷಿಸಿದರು. ಜೀನ್ ಓದಲು ಬಂದದ್ದು 2,792 ಮಾತ್ರ. ಅಷ್ಟು ಕಟ್ಟುನಿಟ್ಟಾಗಿ ನಡೆದ ಕಡೆಯೇ ಸುಮಾರು ಮೂರರಲ್ಲೊಂದು ಮಾದರಿ ಕೈಕೊಟ್ಟಿದೆ.

ಪೆಥಾಲಜಿಸ್ಟರಿಗೆ ಎರಡು ಕಾರಣಕ್ಕೆ ಕೃತಜ್ಞರು. ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶ ದಟ್ಟವಾಗಿರುವ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ ಕೊಟ್ಟದ್ದು ಒಂದು. 20%ಗಿಂತ ಕಡಿಮೆ ಇದ್ದರೆ ಹಲವು ಲ್ಯಾಬುಗಳು ತೆಗೆದುಕೊಳ್ಳುವುದೇ ಇಲ್ಲ. ಬಣ್ಣ ಹಾಕದ 5 ಮೈಕ್ರಾನಿನ 10 ಸ್ಲೈಡುಗಳನ್ನು ಮೊದಲ ಸಲವೇ ಕತ್ತರಿಸಿ ಇಟ್ಟದ್ದು ಇನ್ನೊಂದು. ತುಂಡನ್ನು ಮೇಣದಲ್ಲಿ ಕೂರಿಸಿದ ಬ್ಲಾಕನ್ನು, ತೆಳುವಾಗಿ ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿಗೆ ಮತ್ತೆ ಮತ್ತೆ ಏರಿಸಿದಾಗಲೆಲ್ಲ ಮುಖ ಸಮ ಮಾಡಲೆಂದೇ ಒಂದಷ್ಟು ತುಂಡು ಪುಡಿಯಾಗಿ ಹೋಗುತ್ತದೆ. ಶ್ಯಾವಿಗೆಯಷ್ಟು ತೆಳುವಾದದ್ದರಲ್ಲಿ ಕಳೆದುಕೊಳ್ಳಲು ಎಷ್ಟಿರುತ್ತದೆ? ಮೂಳೆಗೆ ಹರಡಿದವರ ಬಯಾಪ್ಸಿಯಲ್ಲಿ ಮೂಳೆ ಮೆದು ಮಾಡಲು ಆಮ್ಲದ ಬದಲು ಇಡಿಟಿಎ ಎಂಬ ಸೌಮ್ಯ ರಾಸಾಯನಿಕ ಬಳಸಲು ಒಪ್ಪಿದ್ದೂ ದೊಡ್ಡ ಉಪಕಾರ. ಇಡಿಟಿಎಗೆ ದಿನಗಳು ಹಿಡಿಯುತ್ತವೆ, ಆಮ್ಲ ಬೇಗ ಮುಗಿಸುತ್ತದೆ. ಡಿಎನ್‌ಎಯನ್ನೂ ಅಷ್ಟೇ ಬೇಗ ಮುಗಿಸುತ್ತದೆ.

ರೆಕಾರ್ಡ್ ರೂಮಿನಲ್ಲಿ ಹಳೆಯ ಮೇಣದ ಬ್ಲಾಕುಗಳನ್ನು ನಂಬರಿನ ಪ್ರಕಾರ ತಂಪಾದ ಕಪಾಟಿನಲ್ಲಿ ಇಟ್ಟವರಿಗೆ, ಕೇಳಿದ ದಿನವೇ ಹುಡುಕಿ ಕೊಟ್ಟವರಿಗೆ ನಮಸ್ಕಾರ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಹಿಂದೆ ಮೇಣ ಮೆದುವಾಗುತ್ತದೆಂದು ಪಾರ್ಸೆಲನ್ನು ಚೀಲದಲ್ಲಿಟ್ಟು ತೊಡೆಯ ಮೇಲೇ ಹೊತ್ತೊಯ್ದ ಹುಡುಗರಿಗೂ.

ಇನ್ನು ವಂಶವೃಕ್ಷ ಹೇಳಿದ ಹೆಂಗಸರ ವಿಷಯ. ಇವರಿಗೆ ಎಷ್ಟು ಹೇಳಿದರೂ ಕಡಿಮೆ. ಫಾರಂನಲ್ಲಿ ‘ಅಂಕಲ್’, ‘ಆಂಟಿ’ ಎಂದು ತುಂಬಿದರೆ ಜೀನ್ ಸಲಹೆಗಾರರಿಗೆ ಅದು ಶೂನ್ಯ. ಚಿಕ್ಕಪ್ಪನೋ ಸೋದರಮಾವನೋ ಎಂದು ಬರೆದರೆ ಯಾವ ಕಡೆಯ ರಕ್ತ ಎಂದು ತಕ್ಷಣ ತಿಳಿಯುತ್ತದೆ. ನಮ್ಮ ಮಾತಿನಲ್ಲೂ ಎಡವುವ ಜಾಗ ಇಲ್ಲದಿಲ್ಲ: ‘ದೊಡ್ಡಮ್ಮ’ ಎಂದರೆ ಅಮ್ಮನ ಅಕ್ಕನೂ ಹೌದು, ದೊಡ್ಡಪ್ಪನ ಹೆಂಡತಿಯೂ ಹೌದು. ‘ಅತ್ತೆ’ ಅಪ್ಪನ ತಂಗಿಯೋ, ಮಾವನ ಹೆಂಡತಿಯೋ? ಇದನ್ನು ತಾಳ್ಮೆಯಿಂದ ಬಿಡಿಸಿ ಹೇಳಿದ ಅಜ್ಜಿಯರು, ಬಾಗೇಪಲ್ಲಿ ಕಡೆಯವರು ತೆಲುಗಿನಲ್ಲಿ ಹೇಳಿದ್ದನ್ನು ನಮಗೆ ಕನ್ನಡದಲ್ಲಿ ಬರೆಸಿದ ಸೊಸೆಯರು, ಡಾಕ್ಟರೂ ಕೇಳದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಾರೆ. ‘ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೋದರು’ ಎಂದು ನೆನಪಾದ ಸೋದರತ್ತೆಗೆ ಇದ್ದದ್ದು ಅಂಡಾಶಯದ ಕ್ಯಾನ್ಸರ್ ಇರಬಹುದು. ಪ್ರಾಸ್ಟೇಟ್ ರೋಗಿಗೆ ಆ ಒಂದು ಸಾಲು ಮುಖ್ಯ, ಏಕೆಂದರೆ ಎರಡರ ಹಿಂದೆಯೂ ಬಿಆರ್‌ಸಿಎ2 ಎಂಬ ಒಂದೇ ಜೀನಿನ ದೋಷ ಇರಬಹುದು. ಸೋದರಸಂಬಂಧದಲ್ಲಿ ಮದುವೆಯಾದ ಮನೆಗಳವರು ಅದನ್ನು ಮುಚ್ಚಿಡದೆ ಹೇಳಿದ್ದೂ ನೆರವಾಯಿತು. ಗಂಡ-ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ2 ದೋಷವಿದ್ದರೆ ಮಗುವಿಗೆ ಫ್ಯಾಂಕೋನಿ ರಕ್ತಹೀನತೆ ಎಂಬ ಕಠಿಣ ಕಾಯಿಲೆ ಬರಬಹುದು. ಮೊದಲೇ ತಿಳಿದರೆ ಸಲಹೆ ಕೊಡಲು ಸಾಧ್ಯ.

ಮನೆಯಲ್ಲಿ ಯಾರಿಗೂ ಇರಲಿಲ್ಲ ಎಂದವರನ್ನೂ ನಾವು ಬಿಡುವುದಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕ, ಬ್ರಿಟನ್ನಿನ 692 ಜನರ, ಕ್ಯಾನ್ಸರ್ ದೇಹವೆಲ್ಲ ಹರಡಿದವರ, ಹುಟ್ಟಿನಿಂದ ಬಂದ ಡಿಎನ್‌ಎ ಪರೀಕ್ಷಿಸಿತು. 11.8% ಜನರಲ್ಲಿ ಡಿಎನ್‌ಎ ರಿಪೇರಿ ಮಾಡುವ ಜೀನಿನ ದೋಷ. ಬಿಆರ್‌ಸಿಎ2 ಒಂದೇ 5.3%. ಮನೆತನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರು, ಇಲ್ಲದವರು ಎಂಬ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ವರದಿಯನ್ನು ರೋಗಿಗಳಿಗೆ ಕೂತು ಬಿಡಿಸಿ ಹೇಳಿದ ಡಾಕ್ಟರುಗಳಿಗೆ ವಂದನೆ. ಬಿಆರ್‌ಸಿಎ2 ದೋಷವೆಂದರೆ ರೋಗ ವೇಗವಾಗಿ ಹರಡುವ ಸ್ವಭಾವದ್ದು, ಆದರೆ ಅದೇ ದೋಷ ಓಲಾಪರಿಬ್‌ಗೆ ಬಾಗಿಲು ತೆರೆಯುತ್ತದೆ. ಎಟಿಎಂ ಜೀನಿನ ದೋಷಕ್ಕೂ ಅದೇ ಮಾತ್ರೆ ಬರೆಯುವುದುಂಟು, ಫಲ ಅಷ್ಟಿಲ್ಲ. ಎಂಎಸ್‌ಎಚ್2, ಎಂಎಸ್‌ಎಚ್6 ಜೀನುಗಳ ದೋಷ ಅಪರೂಪ, ಸಿಕ್ಕರೆ ಪೆಂಬ್ರೋಲಿಜುಮ್ಯಾಬ್ ಇಂಜೆಕ್ಷನ್ ಯೋಚಿಸಬಹುದು. ಪಿಟೆನ್, ಟಿಪಿ53, ಆರ್‌ಬಿ1 ಈ ಮೂರು ಜೀನುಗಳಲ್ಲಿ ಎರಡು ಕಳೆದುಹೋಗಿದ್ದರೆ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆ) ಕಡಿಮೆ ಇದ್ದರೂ ನಂಬುವಂತಿಲ್ಲ, ರೋಗ ಸದ್ದಿಲ್ಲದೆ ಲಿವರಿಗೆ ಹೋಗಿರಬಹುದು, ಸ್ಕ್ಯಾನ್ ಬೇಕು. ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂಬ ಸಾಲು ಬಂದಾಗ ಗಾಬರಿಯಾಗಿ ಮಾತ್ರೆ ಶುರು ಮಾಡದ ಸಂಯಮ ಎಲ್ಲಕ್ಕಿಂತ ದೊಡ್ಡದು. ಭಾರತೀಯರ ಜೀನ್ ದಾಖಲೆ ಇನ್ನೂ ಕಡಿಮೆ ಇರುವುದರಿಂದ ಆ ಸಾಲು ನಮ್ಮವರ ವರದಿಗಳಲ್ಲಿ ಹೆಚ್ಚು.

ತಾಲ್ಲೂಕಿನ ಸಣ್ಣ ಲ್ಯಾಬುಗಳಿಗೂ ಒಂದು ಮಾತು. ಓಲಾಪರಿಬ್ 150 ಮಿ.ಗ್ರಾಂ. ಮಾತ್ರೆ ಬೆಳಗ್ಗೆ ಎರಡು, ರಾತ್ರಿ ಎರಡು, ನುರಿಯದೆ ನುಂಗಬೇಕು. ಕಿಡ್ನಿ ಕುಂದಿದ್ದರೆ ಡಾಕ್ಟರ್ ಪ್ರಮಾಣ ಇಳಿಸುತ್ತಾರೆ. ಹೆಚ್ಚು ಕಾಡುವುದು ರಕ್ತ ಕಡಿಮೆಯಾಗುವುದು, ಅದೂ ಶುರುವಿನ ತಿಂಗಳುಗಳಲ್ಲಿ. ತಿಂಗಳಿಗೊಮ್ಮೆ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿ, ಹಿಮೋಗ್ಲೋಬಿನ್ ಇಳಿದ ದಿನವೇ ಫೋನ್ ಮಾಡಿದ್ದೀರಿ. ಓಲಾಪರಿಬ್ ರೋಗವನ್ನು ಬೇರು ಸಹಿತ ಕೀಳುವ ಮದ್ದಲ್ಲ, ತಡೆದು ನಿಲ್ಲಿಸುವ ಮದ್ದು. ಪ್ರೋಫೌಂಡ್‌ನಲ್ಲಿ ಬಿಆರ್‌ಸಿಎ1, ಬಿಆರ್‌ಸಿಎ2, ಎಟಿಎಂ ದೋಷವಿದ್ದವರಲ್ಲಿ ರೋಗ ಮತ್ತೆ ಮುಂದುವರಿಯಲು ಹಿಡಿದ ಮಧ್ಯಮ ಅವಧಿ 7.4 ತಿಂಗಳು, ಹೋಲಿಕೆಯ ಗುಂಪಿನಲ್ಲಿ 3.6. ಆ ತಿಂಗಳುಗಳನ್ನು ರೋಗಿ ಮನೆಯಲ್ಲೇ ಕಳೆಯುವಂತೆ ಆದದ್ದು ನಿಮ್ಮಿಂದ.

ಕೊನೆಯದಾಗಿ, ರಕ್ತ ಕೊಡಲು ಬಂದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ‘ಅಪ್ಪನದು ಗಂಡಸರ ಕಾಯಿಲೆ, ನನಗೇಕೆ?’ ಎಂದು ಕೇಳಿದಿರಿ, ಕೇಳಿ ತಿಳಿದು ಬಂದಿರಿ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಅರೆದು ಗಂಟು ರೋಗ ಇದೆಯೇ ಎಂದು ನೋಡಿ ಆಮೇಲೆ ಮೊಟ್ಟೆ ಕೊಡುವುದನ್ನು ಬಲ್ಲ ಮನೆಗಳಿಗೆ ವಿಷಯ ಬೇಗ ತಿಳಿಯಿತು. ವ್ಯತ್ಯಾಸವಿಷ್ಟೇ: ಇದು ಸೋಂಕಲ್ಲ, ಅಪ್ಪನಲ್ಲಿ ಹುಟ್ಟಿನಿಂದ ಬಂದ ಜೀನಿನ ದೋಷ; ಪ್ರತಿ ಮಗುವಿಗೂ ಬರುವ ಸಾಧ್ಯತೆ 50%, ಮಗನಾಗಲಿ ಮಗಳಾಗಲಿ. ಬಂದಿದ್ದರೆ ಗಂಡುಮಕ್ಕಳಿಗೆ 40ರಿಂದ ಪಿಎಸ್‌ಎ, ಹೆಣ್ಣುಮಕ್ಕಳಿಗೆ ಸ್ತನದ ತಪಾಸಣೆ ಬೇಗ ಶುರು, ಅಂಡಾಶಯದ ಬಗ್ಗೆ ತಜ್ಞರೊಡನೆ ಮಾತುಕತೆ. 18 ತುಂಬದವರಿಗೆ ಈ ಪರೀಕ್ಷೆ ಬೇಡ.

ಇನ್ನೂ ಬರಬೇಕಾದವರಿಗೆ: ನೇರಳೆ ಮುಚ್ಚಳದ ಟ್ಯೂಬಿನಲ್ಲಿ 3ರಿಂದ 5 ಮಿ.ಲೀ. ರಕ್ತ ಸಾಕು. ಈಚೆಗೆ ಬೇರೆಯವರ ರಕ್ತ ಹಾಕಿಸಿಕೊಂಡಿದ್ದರೆ ಮರೆಯದೆ ಹೇಳಿ. ಖಾಲಿ ಹೊಟ್ಟೆ ಬೇಕಿಲ್ಲ. ದೂರದಿಂದ ಬಸ್ಸಿನಲ್ಲಿ ಬರುವವರು ತಿಂಡಿ ತಿಂದುಕೊಂಡೇ ಬನ್ನಿ.