ಕರಿ ನಾಯಿಗೂ ಒಂದು ಮನೆ ಸಿಗಲಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕೆಲಸದಲ್ಲಿದ್ದಾಗ ಸಚಿವರಿಗೆ ಹೀಗೆ ಊರಿಗೆಲ್ಲ ಕಾಣುವಂತೆ ಪತ್ರ ಬರೆದಿದ್ದರೆ ಉತ್ತರಕ್ಕೆ ಮೊದಲು ನೋಟಿಸ್ ಬರುತ್ತಿತ್ತು. ಈಗ ಆ ಚಿಂತೆ ಇಲ್ಲ.

ನಾನು ಕೇಳುತ್ತಿರುವುದು ಒಂದು ಸುತ್ತೋಲೆ. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಮಕ್ಕಳು ತಮ್ಮೂರಿನ ಪ್ರಾಣಿ ಆಶ್ರಯದಲ್ಲಿರುವ ನಾಯಿ, ಬೆಕ್ಕುಗಳ ಚಿತ್ರ ಬಿಡಿಸಲಿ. ಆ ಚಿತ್ರಗಳು ಅವಕ್ಕೆ ಮನೆ ಹುಡುಕುವ ಕೆಲಸಕ್ಕೆ ಬರಲಿ.

ಈಗಲೇ ಯಾಕೆ ಅಂದರೆ, 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ನಿಮಗೆ ಗೊತ್ತೇ ಇದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ ಆಶ್ರಯಕ್ಕೆ ಸಾಗಿಸಬೇಕು. ಮತ್ತೆ ಅದೇ ಜಾಗಕ್ಕೆ ಬಿಡುವಂತಿಲ್ಲ. ಆದೇಶ ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನಾಯಿ ಕಚ್ಚಿಸಿಕೊಂಡ ಮಗುವಿನ ಮನೆಯವರ ಸಂಕಟ ಸಣ್ಣದಲ್ಲ. ನನ್ನ ಪ್ರಶ್ನೆ ಅದರ ಮುಂದಿನದು. ಬೆಂಗಳೂರೊಂದರಲ್ಲೇ 2023ರ ಗಣತಿಯ ಪ್ರಕಾರ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಅದರಲ್ಲಿ ಸಣ್ಣ ಪಾಲು ಒಳಗೆ ಬಂದರೂ ಇರುವ ಜಾಗ ಸಾಲುವುದಿಲ್ಲ. ಒಂದು ನಾಯಿ ಯಾರದಾದರೂ ಮನೆ ಸೇರಿದರೆ ತಾನೇ ಇನ್ನೊಂದಕ್ಕೆ ಗೂಡು ಖಾಲಿಯಾಗುವುದು?

ನಿವೃತ್ತಿಯಾದ ಮೇಲೆ ಭಾನುವಾರಗಳಲ್ಲಿ ಅಡಾಪ್ಷನ್ ಕ್ಯಾಂಪ್‌ಗಳಿಗೆ ಹೋಗಿ ಕೈಲಾದ ಸಹಾಯ ಮಾಡುತ್ತೇನೆ. ಬರುವವರ ಮೊದಲ ಪ್ರಶ್ನೆ, 'ಗಂಡು ಮರಿ ಇದೆಯಾ?' ಎರಡನೆಯದು, 'ಲ್ಯಾಬ್ರಡಾರ್ ಇಲ್ವಾ?' ಮಧ್ಯಾಹ್ನದ ಹೊತ್ತಿಗೆ ಬಿಳಿ, ಕಂದು ಬಣ್ಣದ ಗಂಡು ಮರಿಗಳು ಖಾಲಿ. ಹೆಣ್ಣು ಮರಿಗಳು, ವಯಸ್ಸಾದವು, ಕಾಲು ಕುಂಟುವವು, ಕರಿಯವು ಹಾಗೇ ಉಳಿಯುತ್ತವೆ. ಕರಿ ಬೆಕ್ಕಿನ ಕಥೆಯಂತೂ ಹೇಳುವುದೇ ಬೇಡ. ಹೆಣ್ಣು ಮರಿ ಬೇಡ ಅನ್ನುವವರಿಗೆ ಆಪರೇಷನ್ ಆದ ಮೇಲೆ ಅದು ಮರಿ ಹಾಕುವುದಿಲ್ಲ ಎಂದು ಬಿಡಿಸಿ ಹೇಳಬಹುದು. ಬಣ್ಣದ ವಿಷಯದಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ.

ಮೊಬೈಲಿನಲ್ಲಿ ಒಂದು ಕರಿ ನಾಯಿಯ ಫೋಟೋ ತೆಗೆದು ನೋಡಿ. ಕಣ್ಣು, ಮೂಗು, ಬಾಯಿ ಎಲ್ಲ ಸೇರಿ ಒಂದೇ ಕಪ್ಪು ಮುದ್ದೆ. ಅದರಲ್ಲೂ ಗೂಡಿನ ಸರಳುಗಳ ಹಿಂದೆ, ಮಂದ ಬೆಳಕಿನಲ್ಲಿ ತೆಗೆದರೆ ಅದು ನಾಯಿಯೋ ಗೋಣಿಚೀಲವೋ ತಿಳಿಯದು. ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವುದು ಇಂಥ ಫೋಟೋಗಳೇ. ಜನ ಬೆರಳಾಡಿಸಿ ಮುಂದೆ ಹೋಗುತ್ತಾರೆ, ಅವರದೇನೂ ತಪ್ಪಿಲ್ಲ. ಇದ್ದಿಲಿನಲ್ಲಿ ಚಿತ್ರ ಬಿಡಿಸುವ ಮಗು ಬೇರೆ ರೀತಿ ಕೆಲಸ ಮಾಡುತ್ತದೆ. ಮೊದಲು ಚಿತ್ರದಲ್ಲಿ ನಾಯಿಯ ಮುಖಕ್ಕೆಲ್ಲ ಕಪ್ಪು ಬಳಿಯುತ್ತದೆ. ಆಮೇಲೆ ರಬ್ಬರಿನ ಮೊನೆಯಿಂದ ಬೆಳಕನ್ನು ತೆಗೆಯುತ್ತಾ ಬರುತ್ತದೆ. ಕಣ್ಣಿನ ಹೊಳಪು, ಮೂಗಿನ ಒದ್ದೆ, ಹಣೆಯ ಗುಳಿ, ಗದ್ದದ ಕೆಳಗೆ ಒಂದೆರಡು ನರೆಗೂದಲು. ಕ್ಯಾಮೆರಾ ನುಂಗಿದ ಮುಖ ಕಾಗದದ ಮೇಲೆ ವಾಪಸ್ ಬರುತ್ತದೆ. ಖರ್ಚೂ ಇಲ್ಲ. ಒಲೆಯ ಇದ್ದಿಲು, ಒಂದು ಡ್ರಾಯಿಂಗ್ ಶೀಟು, ಒಂದು ರಬ್ಬರು.

ಒಮ್ಮೆ ಕ್ಯಾಂಪಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಿಡಿಸಿದ ಇಂಥದ್ದೇ ಚಿತ್ರ ತೂಗುಹಾಕಿದ್ದೆವು. ವಯಸ್ಸಾದ ಕರಿ ಹೆಣ್ಣು ನಾಯಿ, ಒಂದು ಕಿವಿ ಹರಿದಿತ್ತು. ಆಟೋ ಓಡಿಸುವವರೊಬ್ಬರು ಚಿತ್ರದ ಮುಂದೆ ನಿಂತರು, 'ಈ ನಾಯಿ ಎಲ್ಲಿದೆ?' ಎಂದರು. ಅದು ಅವರ ಕಾಲ ಬಳಿಯೇ ಮಲಗಿತ್ತು. ಸಂಜೆಗೆ ಹೆಂಡತಿ, ಮಕ್ಕಳ ಜೊತೆ ಬಂದು ಕರೆದುಕೊಂಡು ಹೋದರು. ಎಲ್ಲ ಚಿತ್ರಕ್ಕೂ ಹೀಗಾಗುವುದಿಲ್ಲ, ಗೊತ್ತು. ಆದರೆ ಜನ ನಿಲ್ಲುತ್ತಾರೆ. ನಿಂತರೆ ಮಾತಾಡಿಸಬಹುದು.

ಈಗಲೂ ಶಾಲೆಗಳಲ್ಲಿ ಪ್ರಾಣಿಗಳ ಬಗ್ಗೆ ಚಿತ್ರ ಸ್ಪರ್ಧೆ ನಡೆಯುತ್ತವಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ನಡೆಯುತ್ತವೆ. ತೀರ್ಪುಗಾರನಾಗಿ ನಾನೇ ಎಷ್ಟೋ ನೋಡಿದ್ದೇನೆ. ಎರಡು ಅಂಗೈ, ನಡುವೆ ಭೂಮಿ, ಭೂಮಿಗೆ ಕಣ್ಣೀರು, ಪಕ್ಕದಲ್ಲಿ ಒಂದು ಹುಲಿ. ಬಹುಮಾನ ಕೊಟ್ಟು, ಫೋಟೋ ತೆಗೆದು, ಶೀಟುಗಳನ್ನು ಬೀರುವಿಗೆ ಸೇರಿಸಿದರೆ ಮುಗಿಯಿತು. ಅದರಿಂದ ಹುಲಿಗೂ ಲಾಭವಿಲ್ಲ, ನಾಯಿಗೂ ಇಲ್ಲ. ಹಾಗಾಗಿ ದಯವಿಟ್ಟು ಇದನ್ನು ಪ್ರತಿಭಾ ಕಾರಂಜಿಗೆ ಸೇರಿಸಬೇಡಿ. ಅಕ್ಟೋಬರ್ 4ರ ವಿಶ್ವ ಪ್ರಾಣಿ ದಿನಕ್ಕೂ ಕಟ್ಟಿಹಾಕಬೇಡಿ. ಅದು ಹೇಗೂ ಸಾಮಾನ್ಯವಾಗಿ ದಸರಾ ರಜೆಯ ಆಸುಪಾಸಿನಲ್ಲೇ ಬರುತ್ತದೆ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆಯಲ್ಲ, ಅದು ಇದಕ್ಕೆ ಸರಿಯಾದ ದಿನ. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಓದುವ ಮಕ್ಕಳಿಗೆ ಕೈಯೂ ಪಳಗುತ್ತದೆ.

ಪೋಷಕರು ಮೊದಲು ಕೇಳುವುದು ಸುರಕ್ಷತೆಯ ಬಗ್ಗೆ. ಕೇಳಲೇಬೇಕು. ನಾಯಿಗಳನ್ನು ಶಾಲೆಗೆ ತರುವುದು ಬೇಡ. ಚಿಕ್ಕ ಮಕ್ಕಳನ್ನು ಆಶ್ರಯಕ್ಕೆ ಕರೆದೊಯ್ಯುವುದೂ ಬೇಡ. ಅವರಿಗೆ ಫೋಟೋ ಸಾಕು. ಆದರೆ ಆ ಫೋಟೋವನ್ನು ಬೆಳಗಿನ ಬಿಸಿಲಲ್ಲಿ, ನಾಯಿಯನ್ನು ಗೂಡಿನಿಂದ ಹೊರಗೆ ತಂದು, ಪಕ್ಕದಿಂದ ಬೆಳಕು ಬೀಳುವಂತೆ ತೆಗೆದಿರಬೇಕು. ಎಂಟು, ಒಂಬತ್ತನೇ ತರಗತಿಯವರು ಪೋಷಕರ ಒಪ್ಪಿಗೆ ಪತ್ರ ತಂದು, ಶಿಕ್ಷಕರ ಜೊತೆ ಒಮ್ಮೆ ಹೋಗಿ ಬರಲಿ. ಲಸಿಕೆಯಾದ, ಸಾಧು ಸ್ವಭಾವದ ಪ್ರಾಣಿಗಳನ್ನು ಮಾತ್ರ, ಬೇಲಿಯ ಈಚೆಯಿಂದ ನೋಡಿ ಬಿಡಿಸಲಿ. ಮುಟ್ಟಲೇಬೇಕೆಂದಿಲ್ಲ.

ನ್ಯಾಯಾಲಯದ ಅದೇ ಆದೇಶದಲ್ಲಿ, ಪ್ರಾಣಿಗಳ ಹತ್ತಿರ ಹೇಗಿರಬೇಕು, ಕಚ್ಚಿದರೆ ಪ್ರಥಮ ಚಿಕಿತ್ಸೆ ಏನು ಎಂದು ಮಕ್ಕಳಿಗೆ ತಿಳಿಸಬೇಕು ಎಂದೂ ಇದೆ. ಸುಮ್ನೆ ಭಾಷಣ ಮಾಡಿದರೆ ಹಿಂದಿನ ಬೆಂಚಿನವರು ನಿದ್ದೆ ಹೋಗುತ್ತಾರೆ. ಚಿತ್ರ ಬಿಡಿಸುವಾಗ ಪಾಠ ತಾನಾಗಿ ಬರುತ್ತದೆ. ಬಾಲ ಕಾಲ ಸಂದಿಗೆ ಸಿಕ್ಕಿಸಿಕೊಂಡ ನಾಯಿಯ ಚಿತ್ರ ಬಿಡಿಸಿದ ಮಗುವಿಗೆ ಅದು ಹೆದರಿದೆ, ಹತ್ತಿರ ಹೋಗಬಾರದು ಎಂದು ಗೊತ್ತಾಗುತ್ತದೆ. 'ಸಾರ್, ಇದರ ಕಿವಿ ಯಾಕೆ ಕತ್ತರಿಸಿದೆ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಗಾಯವಲ್ಲ. ಸಂತಾನಹರಣ ಚಿಕಿತ್ಸೆ ಆಗಿದೆ ಎಂದು ತಿಳಿಯಲು ನಿಯಮದ ಪ್ರಕಾರ ಮಾಡುವ ಗುರುತು. ದೊಡ್ಡವರಲ್ಲೇ ಬಹಳ ಜನಕ್ಕೆ ಇದು ಗೊತ್ತಿಲ್ಲ. ಕಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಬೇಕು ಎಂಬುದನ್ನು ಅದೇ ದಿನ ಹೇಳಿಕೊಡಬಹುದು.

ಚಿತ್ರದ ಕೆಳಗೆ ನಾಲ್ಕು ಸಾಲು ಬರಹವೂ ಬೇಕು. ಅದು ಕನ್ನಡ ಮೇಷ್ಟ್ರ ಪಾಲಿನ ಕೆಲಸ. 'ಮುದ್ದಾದ ನಾಯಿ, ದಯವಿಟ್ಟು ಪ್ರೀತಿಸಿ' ಅಂತ ಬರೆದರೆ ಉಪಯೋಗವಿಲ್ಲ. 'ವಯಸ್ಸು ಸುಮಾರು ಆರು. ಆಪರೇಷನ್, ಲಸಿಕೆ ಆಗಿದೆ. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುತ್ತದೆ. ಬೆಕ್ಕಿರುವ ಮನೆಗೆ ಬೇಡ.' ಹೀಗಿರಲಿ. ತೊಂದರೆಗಳನ್ನು ಮುಚ್ಚಿಟ್ಟು ಕೊಟ್ಟ ನಾಯಿ ತಿಂಗಳೊಳಗೆ ವಾಪಸ್ ಬರುತ್ತದೆ, ಇಲ್ಲವೇ ರಸ್ತೆಗೆ ಬೀಳುತ್ತದೆ. ಮನೆ ನೋಡುವುದು, ಕೊಟ್ಟ ಮೇಲೆ ವಿಚಾರಿಸುವುದು ಆಶ್ರಯದವರ ಜವಾಬ್ದಾರಿ. ಅದನ್ನು ಮಕ್ಕಳ ಮೇಲೆ ಹಾಕಬಾರದು. ತಾನು ಚಿತ್ರ ಬಿಡಿಸಿದ ನಾಯಿಗೆ ಮನೆ ಸಿಗದಿದ್ದರೆ ಮಗುವಿಗೆ ಬೇಜಾರಾಗುತ್ತದೆ. ಶಿಕ್ಷಕರು ಇದನ್ನು ಮೊದಲೇ ಹೇಳಿಡಬೇಕು.

ಚಿತ್ರಗಳನ್ನು ಶಾಲೆಯ ಗೋಡೆಗೆ ಅಂಟಿಸಿದರೆ ಸಾಲದು. ಪಶು ಆಸ್ಪತ್ರೆ, ನಂದಿನಿ ಹಾಲಿನ ಬೂತು, ಗ್ರಂಥಾಲಯ, ಬಸ್ ನಿಲ್ದಾಣ, ಇಲ್ಲೆಲ್ಲ ಹಾಕಲು ಅನುಮತಿ ಬೇಕು. ಅದನ್ನು ಕೊಡಿಸಲು ನಿಮ್ಮ ಒಂದು ಮಾತು ಸಾಕು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ನಡೆಸುವ ಚಿತ್ರಸಂತೆಯಲ್ಲಿ ಶಾಲಾ ಮಕ್ಕಳಿಗೆ ಒಂದು ಮೂಲೆ ಕೇಳಿ ನೋಡಬಹುದು, ಅಲ್ವಾ?

ಕೊನೆಗೆ ನಿಮಗೆ ಇಷ್ಟವಾಗದ ಮಾತೊಂದು. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಯೇ ಖಾಲಿ. ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುತ್ತಾರೆ. ಹುದ್ದೆ ತುಂಬುವವರೆಗೆ ಮೈಸೂರಿನ ಕಾವಾದಂಥ ಕಲಾ ಕಾಲೇಜುಗಳ ವಿದ್ಯಾರ್ಥಿಗಳನ್ನು ಗೌರವಧನ ಕೊಟ್ಟು ಕಳಿಸಿ. ಮೊದಲ ವರ್ಷ ಇಡೀ ರಾಜ್ಯಕ್ಕೆ ಬೇಡ. ಮೈಸೂರು, ಮಂಗಳೂರು, ಬೆಂಗಳೂರಿನ ಒಂದಷ್ಟು ಶಾಲೆಗಳು ಸಾಕು. ಎಷ್ಟು ಚಿತ್ರ ಬಿಡಿಸಿದರು ಎಂಬ ಲೆಕ್ಕ ಕೇಳಬೇಡಿ. ಎಷ್ಟು ಪ್ರಾಣಿಗಳಿಗೆ ಮನೆ ಸಿಕ್ಕಿತು, ಆರು ತಿಂಗಳ ನಂತರವೂ ಅವು ಅಲ್ಲೇ ಇವೆಯೇ ಎಂದು ಕೇಳಿ. ಸುತ್ತೋಲೆ ಈ ಜೂನ್‌ಗೆ ಮೊದಲು ಬಂದರೆ ಶಾಲೆಗಳು ವರ್ಷದ ವೇಳಾಪಟ್ಟಿಯಲ್ಲೇ ಸೇರಿಸಿಕೊಳ್ಳುತ್ತವೆ. ತಡವಾದರೆ ಮತ್ತೊಂದು ವರ್ಷ ಕಾಯಬೇಕಾಗುತ್ತದೆ.

ಇತಿ,
ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮೈಸೂರು